ಅಮ್ಮ ನೋಡಿದ ಪ್ರೇರಿ

"ಈ ಗಾಡಿಯಲ್ಲಿ ದೇವರ ಪೆಟ್ಟಿಗೆಯನ್ನು ಎಲ್ಲಿಟ್ಟಿದ್ದಾರೆ?" ಎಂದು ಅಮ್ಮ ಕೇಳಿದರು.

ಟೀವಿಯಲ್ಲಿ ಬಿಳಿ ಬಟ್ಟೆಯ ಕಮಾನು ಹೊದಿಸಿದ ಗಾಡಿಯೊಂದು ಆಳೆತ್ತರದ ಹುಲ್ಲಿನ ನಡುವೆ ಸಾಗುತ್ತಿತ್ತು. ಮುಂದೆ ಗಂಡ ಹೆಂಡತಿ, ಒಳಗೆ ಮೂವರು ಹೆಣ್ಣುಮಕ್ಕಳು. ನನ್ನ ಎಂಟು ವರ್ಷದ ಮಗಳು "ಅವರಿಗೆ ಬೈಬಲ್ ಇರುತ್ತದೆ ಅಜ್ಜಿ, ಪೆಟ್ಟಿಗೆ ಇರುವುದಿಲ್ಲ" ಎಂದು ವಿವರಿಸಿದಳು. ಅಮ್ಮನಿಗೆ ಸಮಾಧಾನವಾಗಲಿಲ್ಲ. ಮನೆ ಬಿಟ್ಟು ಹೊರಟವರು ಮೊದಲು ಗಾಡಿಗೇರಿಸಬೇಕಾದದ್ದು ಯಾವುದು, ಕೊನೆಗೆ ಏರಿಸಬೇಕಾದದ್ದು ಯಾವುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಅವರು ಅದನ್ನು ಕಣ್ಣಾರೆ ಕಂಡವರು.

ಕಳೆದ ಚಳಿಗಾಲ ಅಮ್ಮ ಆರು ತಿಂಗಳ ಮಟ್ಟಿಗೆ ಅಮೆರಿಕದ ಮಿನ್ನೆಸೋಟಕ್ಕೆ ನಮ್ಮಲ್ಲಿಗೆ ಬಂದಿದ್ದರು. ಜನವರಿಯಲ್ಲಿ ಇಲ್ಲಿ ಮೈನಸ್ 26 ಡಿಗ್ರಿ. ಅಂಗಳಕ್ಕೂ ಇಳಿಯುವಂತಿಲ್ಲ. ಮೂರು ತಲೆಮಾರು ಒಂದೇ ಸೋಫಾದಲ್ಲಿ ಕುಳಿತು ನೋಡಬಹುದಾದದ್ದನ್ನು ಹುಡುಕುತ್ತಾ ನಾನು 'ಲಿಟಲ್ ಹೌಸ್ ಆನ್ ದಿ ಪ್ರೇರಿ' (ಹುಲ್ಲುಗಾವಲಿನ ಪುಟ್ಟ ಮನೆ) ಹಾಕಿದೆ. ಎನ್‌ಬಿಸಿ ವಾಹಿನಿಯಲ್ಲಿ 1974ರ ಮಾರ್ಚ್ 30ರಂದು ಮೊದಲು ಒಂದು ಚಲನಚಿತ್ರವಾಗಿ ಬಂದು, ಅದೇ ಸೆಪ್ಟೆಂಬರಿನಿಂದ 1983ರವರೆಗೆ ಧಾರಾವಾಹಿಯಾಗಿ ನಡೆದ ಕಥೆ ಅದು. 1867ರಲ್ಲಿ ವಿಸ್ಕಾನ್ಸಿನ್‌ನ ಕಾಡಿನಲ್ಲಿ ಹುಟ್ಟಿ, 65ನೆಯ ವಯಸ್ಸಿನಲ್ಲಿ ಮೊದಲ ಪುಸ್ತಕ ಪ್ರಕಟಿಸಿದ ಲಾರಾ ಇಂಗಲ್ಸ್ ವೈಲ್ಡರ್ ಬರೆದ ಬಾಲ್ಯದ ಕಥನಗಳು ಅದಕ್ಕೆ ಆಧಾರ. ಕಥೆಯ ಬಹುಭಾಗ ನಡೆಯುವ ವಾಲ್ನಟ್ ಗ್ರೋವ್ ಎಂಬ ಊರು ನಮ್ಮ ಮನೆಯಿಂದ ಮೂರು ಗಂಟೆಯ ದಾರಿ.

ಮೊದಲೆರಡು ದಿನ ನಾನು ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಮೂರನೆಯ ದಿನ ಅಮ್ಮ "ಬೇಡ, ತಿಳಿಯುತ್ತದೆ" ಎಂದರು. ನಿಜಕ್ಕೂ ತಿಳಿಯುತ್ತಿತ್ತು. ಯಾಕೆಂದರೆ ಆ ಕಥೆ ಕೈಗಳಲ್ಲಿ ನಡೆಯುತ್ತದೆ. ಮರ ಕಡಿಯುವುದು, ನೇಗಿಲು ಹಿಡಿಯುವುದು, ಹಿಟ್ಟು ನಾದುವುದು, ನೀರು ಹೊರುವುದು. ತಾಯಿ ಕ್ಯಾರೊಲಿನ್ ಮೊಟ್ಟೆಯ ಬುಟ್ಟಿ ಹಿಡಿದು ಓಲ್ಸನ್ ಅಂಗಡಿಗೆ ಹೋದಾಗ, ಅಂಗಡಿಯ ಒಡತಿ ಕಂದು ಮೊಟ್ಟೆಗೆ ಬೆಲೆ ಕಡಿಮೆ ಎಂದು ರಾಗ ಎಳೆಯುತ್ತಾಳೆ. ಅಮ್ಮ ಒಮ್ಮೆಲೇ ಎದ್ದು ಕುಳಿತರು. ಅಡಿಕೆ ಮಂಡಿಯಲ್ಲಿ ತನ್ನ ಅಪ್ಪನ ಮೂಟೆಯೊಳಗೆ ಕೈಹಾಕಿ, ಒಂದೇ ಒಂದು ಕರಿಗೋಟು ಎತ್ತಿ ತೋರಿಸಿ, ಇಡೀ ಮೂಟೆಯ ಧಾರಣೆ ಇಳಿಸುತ್ತಿದ್ದವರ ಮುಖ ಅವರ ಕಣ್ಣಮುಂದೆ ಬಂದಿರಬೇಕು. "ಬಿಡಬೇಡ, ಕೇಳು" ಎಂದು ಕ್ಯಾರೊಲಿನ್‌ಗೆ ಹೇಳಿದರು.

ಧಾರಾವಾಹಿಯ ಮೊದಲ ಕಂತಿನಲ್ಲಿ ತಂದೆ ಚಾರ್ಲ್ಸ್, ನೇಗಿಲು ಮತ್ತು ಬಿತ್ತನೆ ಬೀಜಕ್ಕಾಗಿ ತನ್ನ ಜೋಡಿ ಎತ್ತುಗಳನ್ನೇ ಒತ್ತೆಯಿಡುತ್ತಾನೆ. ದುಡಿದು ತೀರಿಸಬೇಕೆನ್ನುವಷ್ಟರಲ್ಲಿ ಮರದಿಂದ ಬಿದ್ದು ಪಕ್ಕೆಲುಬು ಮುರಿದುಕೊಳ್ಳುತ್ತಾನೆ. ಎತ್ತು ಕೈಬಿಡುವ ದಿನ, ಎದೆಗೆ ಪಟ್ಟಿ ಕಟ್ಟಿಕೊಂಡು ಬಂದು ಚೀಲಗಳನ್ನು ಹೊರಲು ನೋಡುತ್ತಾನೆ, ಆಗುವುದಿಲ್ಲ. ಪುಟ್ಟ ಹೆಣ್ಣುಮಕ್ಕಳು ಚೀಲದ ಮೂಲೆ ಹಿಡಿದು ಎಳೆಯುತ್ತಾರೆ. ಅಷ್ಟರಲ್ಲಿ ಊರಿನ ಗಂಡಸರು ಒಬ್ಬೊಬ್ಬರಾಗಿ ಬಂದು, ಒಂದು ಮಾತೂ ಆಡದೆ, ಚೀಲಕ್ಕೆ ಹೆಗಲು ಕೊಡುತ್ತಾರೆ. ಎಷ್ಟು ಸಲ ನೋಡಿದರೂ ಈ ದೃಶ್ಯದಲ್ಲಿ ನನ್ನ ಗಂಟಲು ಕಟ್ಟುತ್ತದೆ. ಒಳ್ಳೆಯತನದ ಬಗ್ಗೆ ಅಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಅದರ ಭಾರ ಎಷ್ಟೆಂದು ಆ ಚೀಲಗಳಿಂದಲೇ ತಿಳಿಯುತ್ತದೆ. ಈ ಬಗೆಯ ಕಥೆಗಳ ಈಚಿನ ಕೆಲವು ಧಾರಾವಾಹಿಗಳನ್ನೂ ನೋಡಿದ್ದೇನೆ. ಅವುಗಳಲ್ಲಿ ಹೊಸ ನೆಲಕ್ಕೆ ಬಂದವರ ಲಂಗದ ಅಂಚಿಗೆ ಮಣ್ಣೇ ಹತ್ತುವುದಿಲ್ಲ, ಅಲ್ಲಿನ ಪ್ರೀತಿ ಪ್ರೇಮವೂ ಅಷ್ಟೇ ಹಗುರ. ದುಡಿಮೆಯನ್ನು ತೆಗೆದುಬಿಟ್ಟರೆ ಈ ಕಥೆಗಳಲ್ಲಿ ಉಳಿಯುವುದು ಟೋಪಿ ಮತ್ತು ಗಾಡಿ ಮಾತ್ರ.

ಮನೆಮಂದಿಯೆಲ್ಲ ಕುಳಿತು ನೋಡಬಹುದಾದದ್ದು ಎಂದರೆ ಕೆಟ್ಟದ್ದೇನೂ ಆಗದ ಕಥೆ ಎಂದು ಬಹಳ ಜನ ತಿಳಿದಿದ್ದಾರೆ. ಇದರಲ್ಲಿ ಆಗುವುದನ್ನು ನೋಡಿ. ಆಲಿಕಲ್ಲು ಮಳೆಗೆ ಒಂದೇ ದಿನದಲ್ಲಿ ಇಡೀ ಬೆಳೆ ಹೋಗುತ್ತದೆ, ಅಪ್ಪಂದಿರು ಕೆಲಸ ಹುಡುಕಿಕೊಂಡು ನಡೆದುಹೋಗುತ್ತಾರೆ. ಊರಿಗೆ ಟೈಫಸ್ ಬರುತ್ತದೆ. ಹಿರಿಯ ಮಗಳು ಮೇರಿ ಕುರುಡಾಗುತ್ತಾಳೆ. ನಿಜ ಜೀವನದಲ್ಲೂ 1879ರಲ್ಲಿ, 14ನೆಯ ವಯಸ್ಸಿಗೆ ಮೇರಿ ಇಂಗಲ್ಸ್ ದೃಷ್ಟಿ ಕಳೆದುಕೊಂಡಳು. ಮಗುವೊಂದು ಸಾಯುತ್ತದೆ.

ಆ ಮಗುವಿನ ಕಂತು ಬಂದಾಗ ನಿಲ್ಲಿಸಿಬಿಡಲೇ ಎಂದು ಯೋಚಿಸಿದೆ. ಲಾರಾಳಿಗೆ ತಮ್ಮ ಹುಟ್ಟಿದ್ದಾನೆ. ಅಪ್ಪನ ಪ್ರೀತಿಯೆಲ್ಲ ಅವನಿಗೇ ಹೋಯಿತೆಂದು ಅವಳಿಗೆ ಸಂಕಟ. ಮಗುವಿಗೆ ಕಾಯಿಲೆಯಾದಾಗ ಪ್ರಾರ್ಥನೆ ಮಾಡಲು ಅವಳಿಗೆ ಮನಸ್ಸು ಬರುವುದಿಲ್ಲ. ಮಗು ಹೋಗಿಬಿಡುತ್ತದೆ, ಅವಳು ತಪ್ಪೆಲ್ಲ ತನ್ನದೇ ಎಂದು ಹೊತ್ತುಕೊಂಡು ಮನೆ ಬಿಟ್ಟು ಬೆಟ್ಟ ಹತ್ತುತ್ತಾಳೆ. ನನ್ನ ಮಗಳು ಅಳಲಿಲ್ಲ. ಅಜ್ಜಿಯ ಕಡೆ ತಿರುಗಿ ಕೇಳಿದಳು: "ನಿಮಗೂ ತಮ್ಮ ಇದ್ದನೇ ಅಜ್ಜಿ?"

"ಇದ್ದ" ಎಂದರು ಅಮ್ಮ.

ನನಗೆ ಅದು ಗೊತ್ತಿರಲಿಲ್ಲ. ನಲವತ್ತಾರು ವರ್ಷ ಅವರ ಮಗುವಾಗಿದ್ದೇನೆ, ಒಮ್ಮೆಯೂ ಕೇಳಿರಲಿಲ್ಲ.

ಸಾಗರ ತಾಲ್ಲೂಕಿನಲ್ಲಿ ಶರಾವತಿಯ ದಂಡೆಗೆ ಅಮ್ಮನ ಊರಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ನೀರು ನಿಲ್ಲುವ ಮುಂಚಿನ ವರ್ಷವೇ ಅವರು ಹೊರಟರು. ನಮ್ಮ ಕಡೆ ಇದಕ್ಕೆಲ್ಲ ಸೇರಿ ಒಂದೇ ಶಬ್ದ: ಮುಳುಗಡೆ. ಶಿವಮೊಗ್ಗ ಜಿಲ್ಲೆಯ ಒಳಗೇ, ಬೇರೊಂದು ಕಾಡಿನ ಅಂಚಿನಲ್ಲಿ ಜಾಗ ಸಿಕ್ಕಿತು. ಅಜ್ಜ ಹಳೆಯ ಮನೆಯ ಹೆಬ್ಬಾಗಿಲನ್ನೂ ಅದರ ದಾರಂದವನ್ನೂ ಕಿತ್ತು ಲಾರಿಗೆ ಹಾಕಿದರು. ಹೊಸ ಜಾಗದಲ್ಲಿ ಮೊದಲ ಮಳೆಗಾಲ ಕಳೆದದ್ದು ಸೋಗೆ ಹೊದಿಸಿದ ಗುಡಿಸಲಿನಲ್ಲಿ. ಆ ಮಳೆಗಾಲದಲ್ಲೇ ಎರಡು ವರ್ಷದ ತಮ್ಮ ಚಳಿಜ್ವರದಲ್ಲಿ ಹೋದ. ಅಮ್ಮ ಇದನ್ನು ನನ್ನ ಮಗಳಿಗೆ ಹೇಳಿದರು, ನನಗಲ್ಲ. ಮಗಳು ಅವರ ಕೈ ಹಿಡಿದುಕೊಂಡು "ನೀವು ಬೆಟ್ಟ ಹತ್ತಿದಿರಾ?" ಎಂದು ಕೇಳಿದಳು. "ಇಲ್ಲ, ಮರುದಿನ ಹಸು ಕಾಯಲು ಹೋದೆ" ಎಂದರು.

ಇಂಗಲ್ಸ್ ಕುಟುಂಬವೂ ಒಬ್ಬ ಮಗನನ್ನು ಕಳೆದುಕೊಂಡಿತ್ತು. 1876ರಲ್ಲಿ, ಒಂಬತ್ತು ತಿಂಗಳ ಕೂಸು. ಅದಕ್ಕೂ ಮೊದಲು ಕ್ಯಾನ್ಸಸ್‌ನಲ್ಲಿ ಮನೆಯವರೆಲ್ಲ ಚಳಿಜ್ವರದಲ್ಲಿ ಮಲಗಿದ್ದಾಗ ಅವರನ್ನು ಉಳಿಸಿದವರು ಜಾರ್ಜ್ ಟ್ಯಾನ್ ಎಂಬ ಕಪ್ಪುವರ್ಣೀಯ ವೈದ್ಯ. ಇದನ್ನು ಅಮ್ಮನಿಗೆ ಹೇಳಿದೆ. "ನಮ್ಮ ಕಡೆ ಡಾಕ್ಟರು ಹದಿನಾಲ್ಕು ಮೈಲಿ ದೂರದಲ್ಲಿದ್ದರು" ಎಂದಷ್ಟೇ ಹೇಳಿ ಕಾಫಿ ಲೋಟ ತೊಳೆಯಲು ಎದ್ದರು.

ಈ ಕಥೆಗಳ ಸೆಳೆತ ಅವುಗಳ ಮುಗ್ಧತೆಯಲ್ಲಿದೆ ಎಂದು ಆ ರಾತ್ರಿಯ ನಂತರ ನನಗೆ ಅನ್ನಿಸಿಲ್ಲ. ಅಲ್ಲಿ ಸಾವು, ಸಾಲ, ಬರ ಎಲ್ಲವೂ ಒಂದೇ ಕೋಣೆಯ ಮನೆಗೆ ಬರುತ್ತವೆ. ಬಾಗಿಲು ಹಾಕಿಕೊಂಡು ಒಬ್ಬರೇ ಅಳಲು ಅಲ್ಲಿ ಇನ್ನೊಂದು ಕೋಣೆಯೇ ಇಲ್ಲ. ಅಟ್ಟದ ಮೇಲೆ ಮಲಗಿದ ಮಕ್ಕಳಿಗೆ ಕೆಳಗೆ ಅಪ್ಪ ಅಮ್ಮ ಪಿಸುಗುಟ್ಟುವ ಸಾಲದ ಲೆಕ್ಕ ಕೇಳಿಸುತ್ತದೆ. ನಮ್ಮ ಮನೆಯಲ್ಲಿ ನಾಲ್ಕು ಮಲಗುವ ಕೋಣೆಗಳಿವೆ. ಆ ಚಳಿಗಾಲ ಸಂಜೆ ಆರರಿಂದ ಎಂಟರವರೆಗೆ ನಾವು ಒಂದೇ ಕೋಣೆಯ ಮನೆಯವರಾಗಿದ್ದೆವು.

ಆದರೆ ನನ್ನನ್ನು ಕಾಡುವ ಸಂಗತಿ ಒಂದಿದೆ, ಅದನ್ನು ಬಿಟ್ಟು ಬರೆದರೆ ಈ ಕಥೆಯ ಮೇಲಿನ ನನ್ನ ಪ್ರೀತಿ ಪ್ರಾಮಾಣಿಕವಾಗುವುದಿಲ್ಲ. ಮೊದಲ ಚಲನಚಿತ್ರದ ಕೊನೆಗೆ, ಕ್ಯಾನ್ಸಸ್‌ನಲ್ಲಿ ಕಟ್ಟಿದ ಹೊಸ ಮನೆಯನ್ನು ಬಿಡಬೇಕೆಂದು ಸೈನಿಕರು ಬಂದು ಹೇಳುತ್ತಾರೆ. ಆ ನೆಲ ಅಮೆರಿಕದ ಮೂಲನಿವಾಸಿಗಳಾದ ಇಂಡಿಯನ್ನರದ್ದು ಎಂದು ಸರ್ಕಾರದ ಆಜ್ಞೆ. ಅಮ್ಮ "ನಮಗೂ ಹೀಗೇ ಕಾಗದ ಬಂದಿತ್ತು" ಎಂದರು. ಅವರ ಕಣ್ಣು ಚಾರ್ಲ್ಸ್‌ನ ಮೇಲಿತ್ತು. ನಾನು ಆಗ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು, ಅಕ್ಕಿ ಆರಿಸುತ್ತಾ ಕುಳಿತಿದ್ದಾಗ ಹೇಳಿದೆ: ಅದು ಓಸೇಜ್ ಜನರ ನೆಲವಾಗಿತ್ತು ಅಮ್ಮ. ಇವರು ಕೇಳದೆ ಬಂದು ಮನೆ ಕಟ್ಟಿದ್ದರು. ಕೊನೆಗೆ ಆ ನೆಲ ಬಿಟ್ಟು ಹೋಗಬೇಕಾಗಿ ಬಂದದ್ದೂ ಓಸೇಜರಿಗೇ.

1862ರ ಹೋಮ್‌ಸ್ಟೆಡ್ ಕಾಯ್ದೆಯನ್ನೂ ವಿವರಿಸಿದೆ. ಐದು ವರ್ಷ ಇದ್ದು ಉಳುಮೆ ಮಾಡಿದವರಿಗೆ 160 ಎಕರೆ. "ದರಖಾಸ್ತಿನ ಹಾಗೆ" ಎಂದರು ಅಮ್ಮ ಕೂಡಲೇ. ಹೌದು, ಹೆಚ್ಚುಕಡಿಮೆ ಹಾಗೆಯೇ. ಅದೇ ವರ್ಷ ಮಿನ್ನೆಸೋಟದಲ್ಲಿ, ಒಪ್ಪಂದದ ಹಣವೂ ಆಹಾರವೂ ಸಿಗದೆ ಹಸಿದಿದ್ದ ಡಕೋಟಾ ಎಂಬ ಮೂಲನಿವಾಸಿ ಜನ ದಂಗೆ ಎದ್ದರು. ಡಿಸೆಂಬರ್ 26ರಂದು ಮ್ಯಾಂಕೇಟೊ ಪಟ್ಟಣದಲ್ಲಿ 38 ಡಕೋಟಾ ಗಂಡಸರನ್ನು ಒಂದೇ ಗಲ್ಲುಗಟ್ಟೆಯಲ್ಲಿ ನೇಣುಹಾಕಲಾಯಿತು. ಭೂಮಿಯ ಕಾಯ್ದೆಗೂ ಈ ಗಲ್ಲಿಗೂ ರುಜು ಹಾಕಿದ ಅಧ್ಯಕ್ಷ ಒಬ್ಬರೇ, ಲಿಂಕನ್. ಮರುವರ್ಷ ಡಕೋಟಾ ಜನರನ್ನು ರಾಜ್ಯದಿಂದಲೇ ಹೊರಗಟ್ಟಿದರು. ಇಂಗಲ್ಸ್ ಕುಟುಂಬ ಈ ರಾಜ್ಯದ ಪ್ಲಮ್ ಕ್ರೀಕ್ ದಂಡೆಗೆ ಬಂದದ್ದು 1874ರಲ್ಲಿ. ಧಾರಾವಾಹಿಯಲ್ಲಿ ಚಾರ್ಲ್ಸ್ ಸರಕು ಹೇರಿಕೊಂಡು ಮತ್ತೆ ಮತ್ತೆ ಮ್ಯಾಂಕೇಟೊಗೆ ಹೋಗುತ್ತಾನೆ. ಪ್ರತಿ ಸಲ ಆ ಹೆಸರು ಕೇಳಿದಾಗ ನನಗೆ ಆ ಮೂವತ್ತೆಂಟು ಹಗ್ಗಗಳು ಕಾಣುತ್ತವೆ. ಮೈಕಲ್ ಲ್ಯಾಂಡನ್ ಅಭಿನಯಿಸಿದ ಆ ತಂದೆಯನ್ನು ನಾನು ಈಗಲೂ ಪ್ರೀತಿಸುತ್ತೇನೆ. ಎರಡೂ ನಿಜ.

ಅಮ್ಮ ಅಕ್ಕಿಯಲ್ಲಿ ಕೈ ಆಡಿಸುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ನಾವು ಹೋದ ಕಾಡಿನಲ್ಲೂ ಯಾರೋ ಹಸು ಮೇಯಿಸುತ್ತಿದ್ದರು. ನಾವು ಬೇಲಿ ಹಾಕಿದ ಮೇಲೆ ಅವರು ಆ ಕಡೆ ಬರಲಿಲ್ಲ" ಎಂದರು.

ಕೊನೆಯ ಚಲನಚಿತ್ರಗಳಲ್ಲೊಂದನ್ನು, 1984ರ ಫೆಬ್ರುವರಿಯಲ್ಲಿ ಬಂದದ್ದನ್ನು, ಮಾರ್ಚ್ ತಿಂಗಳಲ್ಲಿ ನೋಡಿದೆವು. ಊರಿನ ಅಷ್ಟೂ ನೆಲ ಒಬ್ಬ ಧನಿಕನ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ. ವರ್ಷಗಟ್ಟಲೆ ಬಾಳಿದ ಯಾರ ಹತ್ತಿರವೂ ಹಕ್ಕುಪತ್ರವಿಲ್ಲ. ಊರಿನವರು ತಮ್ಮ ಮನೆಗಳನ್ನು ತಾವೇ ಸಿಡಿಮದ್ದಿಟ್ಟು ಉರುಳಿಸುತ್ತಾರೆ, ಚರ್ಚು ಮತ್ತು ಆ ಪುಟ್ಟ ಮನೆಯನ್ನು ಮಾತ್ರ ಉಳಿಸುತ್ತಾರೆ. ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯ ಬಳಿ ಹಾಕಿದ್ದ ಸೆಟ್ ಅದು. ಚಿತ್ರೀಕರಣ ಮುಗಿದ ಮೇಲೆ ಜಾಗವನ್ನು ಮೊದಲಿದ್ದಂತೆಯೇ ಬಿಟ್ಟುಕೊಡಬೇಕಿತ್ತು, ಹಾಗಾಗಿ ನಿಜವಾಗಿಯೂ ಸ್ಫೋಟಿಸಿಯೇ ಚಿತ್ರೀಕರಿಸಿದರು. ಅಂಗಡಿ, ಗಿರಣಿ ಒಂದೊಂದೇ ಹಾರಿಹೋಗುವುದನ್ನು ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ನೋಡಿದರು.

"ಬಾಗಿಲುಗಳನ್ನಾದರೂ ಬಿಚ್ಚಿಕೊಳ್ಳಬಾರದಿತ್ತೇ" ಎಂದರು.

ಅವರ ವೀಸಾ ಅವಧಿ ಮುಗಿಯುವ ಮುಂಚೆ, ಜೂನ್ ತಿಂಗಳಲ್ಲಿ, ವಾಲ್ನಟ್ ಗ್ರೋವ್‌ಗೆ ಹೋದೆವು. ಮ್ಯಾಂಕೇಟೊದಲ್ಲಿ ಮೊದಲು ನಿಂತೆವು. ಗ್ರಂಥಾಲಯದ ಎದುರಿನ ಪುಟ್ಟ ಉದ್ಯಾನದಲ್ಲಿ ಕಲ್ಲಿನ ಕಾಡೆಮ್ಮೆ ನಿಂತಿದೆ, ಪಕ್ಕದಲ್ಲಿ ಆ 38 ಹೆಸರುಗಳಿವೆ. ಮಗಳು ಡಕೋಟಾ ಹೆಸರುಗಳನ್ನು ಅಕ್ಷರ ಕೂಡಿಸಿ ಓದಿದಳು. ಅಮ್ಮ ಚಪ್ಪಲಿ ಬಿಟ್ಟು ನಿಂತರು. ಅಲ್ಲಿಂದ 14ನೆಯ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ. ಟೀವಿಯಲ್ಲಿ ಕಂಡ ಗುಡ್ಡಗಳು ಕ್ಯಾಲಿಫೋರ್ನಿಯಾದವು. ಇಲ್ಲಿ ನೆಲ ಚಪ್ಪಟೆ, ಕಣ್ಣು ಹಾಯುವವರೆಗೆ ಮೆಕ್ಕೆಜೋಳ ಮತ್ತು ಸೋಯಾ. ಲಾರಾ ಹತ್ತಿದ ಬೆಟ್ಟ ಎಲ್ಲಿದೆ ಎಂದು ಮಗಳು ಕಿಟಕಿಯಲ್ಲಿ ಹುಡುಕಿದಳು, ಕೊನೆಗೆ ನಿರಾಶಳಾದಳು.

ಊರು ಚಿಕ್ಕದು, ಸಾವಿರ ಜನರೂ ಇಲ್ಲ. ಲಾವೋಸ್‌ನ ಯುದ್ಧದಿಂದ ನೆಲೆ ತಪ್ಪಿದ ಹ್ಮಾಂಗ್ ಜನರ ಹಲವು ಕುಟುಂಬಗಳು ಈಗ ಅಲ್ಲಿವೆ. ಒಂದು ಮನೆಯ ಹಿತ್ತಿಲಿನಲ್ಲಿ ಅಮ್ಮನ ವಯಸ್ಸಿನವರೊಬ್ಬರು ಕೊತ್ತಂಬರಿ ಕೀಳುತ್ತಿದ್ದರು. ಅಮ್ಮ ಬೇಲಿಯ ಈಚೆ ನಿಂತು ಕೈ ಮುಗಿದರು. ಅವರು ಎದ್ದು ಬಂದು ಒಂದು ಕಟ್ಟು ಕೊಟ್ಟರು.

ಊರಿನಿಂದ ಉತ್ತರಕ್ಕೆ ಒಂದೂವರೆ ಮೈಲಿ ಹೋದರೆ ಒಂದು ಖಾಸಗಿ ಹೊಲ. ಅದರೊಳಗೆ, ತೊರೆಯ ದಂಡೆಯ ಮೇಲೆ ಇಂಗಲ್ಸ್ ಕುಟುಂಬ ಮೊದಲು ಬಾಳಿದ ನೆಲಮನೆಯ ಜಾಗವಿದೆ. ದಂಡೆಯ ಮಣ್ಣನ್ನು ಕೊರೆದು ಮಾಡಿದ ಮನೆ ಅದು. ಛಾವಣಿ ಎಂದೋ ಕುಸಿದಿದೆ. ಈಗ ಹುಲ್ಲು ಬೆಳೆದ ಒಂದು ತಗ್ಗು, ಪಕ್ಕದಲ್ಲೊಂದು ಫಲಕ, ಅಷ್ಟೇ. ಟೀವಿಯ ಚೆಂದದ ಮನೆ ನೆನಪಿನಲ್ಲಿದ್ದ ಮಗಳು "ಇಷ್ಟೇ?" ಎಂದಳು. ಅಮ್ಮ ತಗ್ಗಿನ ಉದ್ದಗಲವನ್ನು ಹೆಜ್ಜೆ ಹಾಕಿ ಅಳೆದರು. "ನಮ್ಮ ಸೋಗೆಯ ಗುಡಿಸಲು ಇದಕ್ಕಿಂತ ಎರಡು ಹೆಜ್ಜೆ ದೊಡ್ಡದು. ಅದರಲ್ಲಿ ಏಳು ಜನ ಇದ್ದೆವು" ಎಂದವರು ಸ್ವಲ್ಪ ತಡೆದು "ಮೊದಲು ಎಂಟು" ಎಂದರು.

ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೊಮ್ಮಗಳ ಭುಜ ಹಿಡಿದು, ಪ್ಲಮ್ ಕ್ರೀಕ್‌ಗೆ ಇಳಿದರು. ನೀರು ಮೊಣಕಾಲಿಗಿಂತ ಕೆಳಗಿತ್ತು. "ಹರಿಯುತ್ತಿದೆ" ಎಂದು ನನ್ನನ್ನು ಕೂಗಿ ಹೇಳಿದರು.