ನೀರಲ್ಲಿ ಬಿಟ್ರೆ ತೇಲುತ್ತಾ?

ನಮ್ಮ ನಡುಮನೆಯಲ್ಲಿ, ಬೇರೆಯವರ ಮನೆಗಳಲ್ಲಿ ಟಿ.ವಿ. ಇರುವ ಜಾಗದಲ್ಲಿ, ಒಂದು ಗಾಜಿನ ಪೆಟ್ಟಿಗೆ ಇದೆ. ಅದರೊಳಗೆ ಹಾಯಿ ಹೊರುವ ಮೂರು ಕೂವೆಕಂಬದ ಒಂದು ಹಾಯಿಹಡಗು. ಬೆಂಗಳೂರಿನ ಈ ಮನೆಯ ಊಟದ ಮೇಜಿನ ಮೇಲೆ ಮೂರು ವರ್ಷ ಸಂಜೆ ಸಂಜೆ ಕೂತು ಕಟ್ಟಿದ್ದು. ಬಂದವರು ಬಗ್ಗಿ ನೋಡುತ್ತಾರೆ, ಹಗ್ಗಗಳನ್ನು ನೋಡಿ ‘ಅಬ್ಬಾ’ ಅನ್ನುತ್ತಾರೆ. ಆಮೇಲೆ ಆ ಪ್ರಶ್ನೆ ಬರುತ್ತದೆ. ಗ್ಯಾಸ್ ಸಿಲಿಂಡರ್ ತಂದವರು ಕೇಳಿದ್ದಾರೆ, ಬೀಗರು ಕೇಳಿದ್ದಾರೆ, ಎಂಜಿನಿಯರಿಂಗ್ ಓದಿದ ಗೆಳೆಯರೂ ಕೇಳಿದ್ದಾರೆ: “ನೀರಲ್ಲಿ ಬಿಟ್ರೆ ತೇಲುತ್ತಾ?”

ಇಲ್ಲ ಅಂದ ಕೂಡಲೇ ಅವರ ಮುಖ ಸಣ್ಣಗಾಗುತ್ತದೆ. ಅದು ನನಗೆ ಅರ್ಥವಾಗುತ್ತದೆ. ನಾವೆಲ್ಲ ಮೊದಲು ಮಾಡಿದ ದೋಣಿ ನೋಟ್‌ಬುಕ್ಕಿನ ಹಾಳೆಯದ್ದು, ಬಿಟ್ಟಿದ್ದು ಮಳೆನೀರು ಹರಿಯುವ ಚರಂಡಿಯಲ್ಲಿ. ಮಲೆನಾಡಿನವರಾದರೆ ಅಡಿಕೆ ಹಾಳೆಯದ್ದು. ಆ ದೋಣಿಗೆ ಬೇರೆ ಯಾವ ಗುಣವೂ ಬೇಕಿರಲಿಲ್ಲ, ತೇಲಿದರೆ ದೋಣಿ, ಮುಳುಗಿದರೆ ಕಾಗದ. ಮೂರು ವರ್ಷ ಕಷ್ಟಪಟ್ಟು ಮಾಡಿದ ಹಡಗು ಅಷ್ಟೂ ಮಾಡುವುದಿಲ್ಲ ಅಂದರೆ ಕೇಳಿದವರಿಗೆ ಮೋಸವಾದಂತೆ ಅನ್ನಿಸುತ್ತದೆ. ಬಾಗಿಲಲ್ಲಿ ನಿಂತು ಹೇಳಲಾಗದ ಉದ್ದದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನೀರಿಗೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಹಲಗೆಗಳನ್ನು ಹಿಡಿದಿರುವುದು ಬಿಳಿ ಮರದಂಟು, ನೆನೆದರೆ ಅದು ಬಿಡುತ್ತದೆ. ಒಡಲೊಳಗೆ ಪ್ಲೈವುಡ್ಡಿನ ಅಡ್ಡಹಲಗೆಗಳು ಬಿಟ್ಟರೆ ಭಾರವೇನೂ ಇಲ್ಲ, ಹಾಗಾಗಿ ಅಂಟು ಬಿಡುವ ಮೊದಲೇ ಹಡಗು ಒಂದು ಕಡೆಗೆ ವಾಲಿ ಮಲಗುತ್ತದೆ. ಅಂಟು ಬದಲಾಯಿಸಬಹುದು, ತಳಕ್ಕೆ ಸೀಸ ತುಂಬಬಹುದು. ಆದರೂ ಹಾಯಿ ಬಿಚ್ಚಿದ ಗಳಿಗೆಯಲ್ಲಿ ಅದು ಮಗುಚುತ್ತದೆ. ಕಾರಣ ನನ್ನ ಕೈಕೆಲಸದಲ್ಲಿಲ್ಲ, ಅಳತೆಯಲ್ಲೇ ಇದೆ.

ಈ ಮಾದರಿಯ ಅಳತೆ 64ಕ್ಕೆ 1. ಅಂದರೆ ಐದೂವರೆ ಅಡಿಯ ನಾವಿಕ ಇಲ್ಲಿ 26 ಮಿ.ಮೀ. ಉದ್ದವಿರುತ್ತಾನೆ. ಉದ್ದ 64ರಲ್ಲಿ ಒಂದು ಪಾಲಾದಾಗ ಹಾಯಿಯ ವಿಸ್ತೀರ್ಣ 4,096ರಲ್ಲಿ ಒಂದು ಪಾಲಾಗುತ್ತದೆ, ತೂಕ 2,62,144ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಾವಿರ ಟನ್ನಿನ ಹಡಗು 3.8 ಕಿಲೋ ಆಗಿಬಿಡುತ್ತದೆ. ಗಾಳಿ ನೂಕುವುದು ಹಾಯಿಯನ್ನು, ನೂಕಿದ ಹಡಗನ್ನು ನೆಟ್ಟಗೆ ನಿಲ್ಲಿಸುವುದು ತೂಕ. ತೂಕ ಅಷ್ಟು ಬೇಗ ಕರಗಿ, ಹಾಯಿ ಅಷ್ಟು ಬೇಗ ಕರಗದಿದ್ದರೆ ಗೆಲ್ಲುವುದು ಗಾಳಿ. ಲೆಕ್ಕ ಮಾಡಿದರೆ ನನ್ನ ಹಡಗಿಗೆ ಪ್ರತಿಯೊಂದು ಗಾಳಿಯೂ ಎಂಟು ಪಟ್ಟು ವೇಗದ ಗಾಳಿ. ಸ್ಯಾಂಕಿ ಕೆರೆಯ ಮೇಲೆ ಸಂಜೆ ಬೀಸುವ ಗಂಟೆಗೆ 8 ಕಿ.ಮೀ.ನ ತಂಗಾಳಿ ಇದಕ್ಕೆ 64 ಕಿ.ಮೀ.ನ ಬಿರುಗಾಳಿ. ಅಂಥ ಗಾಳಿಯಲ್ಲಿ ಯಾವ ಕಪ್ತಾನನೂ ಎಲ್ಲ ಹಾಯಿ ಬಿಚ್ಚಿಟ್ಟುಕೊಂಡು ಹೋಗುತ್ತಿರಲಿಲ್ಲ. ರೇಡಿಯೋ ಕಂಟ್ರೋಲ್ ಇಟ್ಟು ಕೆರೆಯಲ್ಲಿ ಹಾಯಿಹಡಗು ಓಡಿಸುವವರು ಇದ್ದಾರೆ. ಅವರು ತಳದಿಂದ ಉದ್ದದ ರೆಕ್ಕೆಯೊಂದನ್ನು ಇಳಿಬಿಟ್ಟು ಅದರ ತುದಿಗೆ ಸೀಸದ ಗುಂಡು ಕಟ್ಟುತ್ತಾರೆ. ಅದು ಒಳ್ಳೆಯ ಕಲೆ, ಬೇರೆ ಕಲೆ. ಹಡಗನ್ನು ಚಿಕ್ಕದು ಮಾಡಬಹುದು, ನೀರನ್ನೂ ಗಾಳಿಯನ್ನೂ ಚಿಕ್ಕದು ಮಾಡಲಾಗದು.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರಲ್ಲಿ ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್ ದೊಡ್ಡವರು. 1872ರಲ್ಲಿ ಟಾರ್ಕಿ ಎಂಬ ಊರಲ್ಲಿ, ತಮ್ಮ ಮನೆಯ ಹತ್ತಿರವೇ ಉದ್ದದ ನೀರಿನ ತೊಟ್ಟಿ ಕಟ್ಟಿಸಿ, ಮೇಣದಲ್ಲಿ ಎರಕ ಹೊಯ್ದ ಹಡಗಿನ ಒಡಲುಗಳನ್ನು ಅದರಲ್ಲಿ ಎಳೆಸಿ ಪರೀಕ್ಷೆ ಮಾಡಿದರು. ಮಾದರಿಯ ವೇಗವನ್ನು ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇಳಿಸಿದರೆ ಮಾತ್ರ ಅದು ಎಬ್ಬಿಸುವ ಅಲೆ ನಿಜವಾದ ಹಡಗಿನ ಅಲೆಯನ್ನು ಹೋಲುತ್ತದೆ ಎಂದು ತೋರಿಸಿಕೊಟ್ಟರು. ನನ್ನ ಎಂಟು ಪಟ್ಟಿನ ಲೆಕ್ಕವೂ ಅದೇ ವರ್ಗಮೂಲದಿಂದ ಬಂದದ್ದು. ಫ್ರೌಡ್ ಅವರ ಮೇಣದ ಮಾದರಿಗಳಿಗೆ ಕೂವೆ ಇಲ್ಲ, ಹಗ್ಗ ಇಲ್ಲ, ಡೆಕ್ ಇಲ್ಲ. ತೇಲುವುದನ್ನು ತಿಳಿಯಲು ಮಾಡಿದ್ದು, ಆದ್ದರಿಂದ ತೇಲುವ ಭಾಗವಷ್ಟೇ ಇತ್ತು.

ಹಗ್ಗ, ಕೂವೆ, ಡೆಕ್ ಎಲ್ಲ ಇರುವ ಮಾದರಿಗಳು ಮೊದಲಿನಿಂದಲೂ ನೀರಿಗೆ ಇಳಿದವಲ್ಲ. ನೆಪೋಲಿಯನ್ ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನಾರ್ಮನ್ ಕ್ರಾಸ್ ಶಿಬಿರದಲ್ಲಿದ್ದ ಫ್ರೆಂಚ್ ಕೈದಿಗಳು ಊಟದಲ್ಲಿ ಉಳಿದ ಮೂಳೆಗಳನ್ನು ಕೂಡಿಟ್ಟು, ಬೇಯಿಸಿ ಬಿಳುಪು ಮಾಡಿ, ಸೀಳಿ ಹಲಗೆಯಾಗಿಸಿ ಯುದ್ಧನೌಕೆಗಳನ್ನು ಮಾಡಿದರು. ಅವನ್ನು ಮಾರಿ ನಾಲ್ಕು ಕಾಸು ಮಾಡಿಕೊಂಡರು. ಇವತ್ತಿಗೂ ಪೀಟರ್‌ಬರೊ ಮ್ಯೂಸಿಯಂನಲ್ಲಿ ಅಂಥವು ಇವೆ. ಡೆನ್ಮಾರ್ಕಿನ ಹಳೆಯ ಚರ್ಚುಗಳಲ್ಲಿ ಹರಕೆಯ ಹಡಗುಗಳು ಚಾವಣಿಯಿಂದ ನೇತಾಡುತ್ತವೆ. ನಮ್ಮಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಒಪ್ಪಿಸುವ ಹಾಗೆ ಎಂದುಕೊಳ್ಳಿ. ಅಷ್ಟೇಕೆ, 1765ರಲ್ಲಿ ನೀರಿಗಿಳಿದ, ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ ಏರಿದ ವಿಕ್ಟರಿ ಹಡಗೇ 1922ರಿಂದ ಪೋರ್ಟ್ಸ್‌ಮತ್‌ನ ಒಣ ಹಡಗುಕಟ್ಟೆಯಲ್ಲಿ ನಿಂತಿದೆ. ನೀರು ಸುತ್ತಲಿಂದ ಹೊತ್ತುಕೊಳ್ಳುತ್ತಿದ್ದ ಭಾರವನ್ನು ಈಗ ಆಸರೆಯ ಊರುಗೋಲುಗಳು ಹೊತ್ತಿವೆ. ಅದನ್ನು ನೋಡಿ ತೇಲುತ್ತಾ ಎಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆ ಕೇಳದ ಒಬ್ಬರು ನನಗೆ ಸಿಕ್ಕಿದ್ದಾರೆ. ಕುಂದಾಪುರದ ಕಡೆಯ ಹಿರಿಯರು, ಮನೆತನವೇ ದೋಣಿ ಕಟ್ಟುವವರದ್ದು. ಸ್ನೇಹಿತರ ಜೊತೆ ಬಂದಿದ್ದರು. ಹಗ್ಗದ ಕಡೆ ಕಣ್ಣೆತ್ತಿಯೂ ನೋಡದೆ ನೇರ ತಳದ ಹತ್ತಿರ ಬಗ್ಗಿ, “ಯಾವ್ ಮರ ಇದ್?” ಅಂದರು. ಮೂರು ವರ್ಷ ಸಾರ್ಥಕವಾಯಿತು ಅನ್ನಿಸಿತು.

ಆ ಪ್ರಶ್ನೆಯ ಉತ್ತರದಲ್ಲೇ ಈ ಹಡಗಿನ ಕಥೆಯೂ ಇದೆ. ಇದು ಟ್ರಿಂಕೋಮಲಿ, ಬ್ರಿಟಿಷ್ ನೌಕಾಪಡೆಯ ಫ್ರಿಗೇಟ್, ಅಂದರೆ ವೇಗದ ಯುದ್ಧನೌಕೆ. ಕಟ್ಟಿದ್ದು ಬಾಂಬೆಯಲ್ಲಿ, ವಾಡಿಯಾ ಮನೆತನದ ಜಮ್ಶೆಟ್‌ಜಿ ಬೊಮನ್‌ಜಿ ಅವರ ಉಸ್ತುವಾರಿಯಲ್ಲಿ, ಮಲಬಾರಿನ ತೇಗದಿಂದ. ಯುದ್ಧದ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು, ತೇಗ ಅದಕ್ಕಿಂತ ಚೆನ್ನಾಗಿ ಬಾಳುತ್ತದೆ ಎಂಬುದೂ ಗೊತ್ತಾಗಿತ್ತು. ನಕ್ಷೆಗಳನ್ನು ಹೊತ್ತು ಬಾಂಬೆಗೆ ಬರುತ್ತಿದ್ದ ಜಾವಾ ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಶನ್ ಸೋಲಿಸಿತು, ನಕ್ಷೆಗಳು ಹೋದವು. ಮತ್ತೆ ಬರೆದು ಕಳಿಸಬೇಕಾಯಿತು. ಹಡಗಿನ ತಳದ ಬೆನ್ನೆಲುಬಾದ ಕೀಲ್ ಇಡುವಷ್ಟರಲ್ಲಿ 1816, ನೆಪೋಲಿಯನ್ ಆಗಲೇ ಸೋತಾಗಿತ್ತು. ಪಾರ್ಸಿ ಸಂಪ್ರದಾಯದಂತೆ ಕೀಲಿಗೆ ಬೆಳ್ಳಿಯ ಮೊಳೆ ಹೊಡೆದರು. 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಇನ್ನೂರು ವರ್ಷ ದಾಟಿದ ಆ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ನೀರಿನ ಮೇಲೆಯೇ ಇದೆ. ವಿಕ್ಟರಿಗಿಲ್ಲದ ಭಾಗ್ಯ ನಮ್ಮ ಕಡೆಯ ತೇಗಕ್ಕಿದೆ. ಹೇಳುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಹಾಗಾದರೆ ಮಾದರಿಯೂ ತೇಗದ್ದೇ? ಅಲ್ಲ. ಹಾಗೆ ಮಾಡಬೇಕೆಂದು ಆಸೆಪಟ್ಟು ಹಳೆಯ ಬಾಗಿಲುವಾಡದ ತೇಗ ಸೀಳಿಸಿ ಹತ್ತು ಹಲಗೆ ಕೂರಿಸಿ ನೋಡಿದೆ. ತೇಗದ ಎಳೆ ದಪ್ಪ, ರಂಧ್ರ ದೊಡ್ಡದು. ಅರವತ್ತನಾಲ್ಕು ಪಟ್ಟು ಹಿಗ್ಗಿಸಿ ಊಹಿಸಿಕೊಂಡರೆ ಪ್ರತಿ ಹಲಗೆಯ ಮೇಲೂ ನಾವಿಕನ ಬೆರಳು ಹೋಗುವಷ್ಟು ತೂತು. ಹಲಗೆಗಳನ್ನು ಕಿತ್ತೆ. ಮರವೂ ನೀರಿನ ಹಾಗೆಯೇ, ನಮ್ಮ ಅಳತೆಗೆ ಬಗ್ಗುವುದಿಲ್ಲ. ಯುರೋಪಿನವರು ಇದಕ್ಕೆ ಎಳೆಯೇ ಕಾಣದಂಥ ಪೇರ್ ಮರ, ಬಾಕ್ಸ್‌ವುಡ್ ಹುಡುಕುತ್ತಾರೆ. ನನಗೆ ಸಿಕ್ಕಿದ್ದು ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ. ಹಾಲಿನ ಕೆನೆಯ ಬಣ್ಣ, ನುಣುಪು, ಉಳಿಗೆ ಸಿಡಿಯುವುದಿಲ್ಲ. ತೇಗದ ಬಣ್ಣಕ್ಕೆ ತರಲು ತೆಳುವಾಗಿ ಬಣ್ಣ ಕೊಟ್ಟೆ. ಬೊಂಬೆ ಕಡೆಯುವ ಮರದಲ್ಲಿ ಫ್ರಿಗೇಟಿನ ಒಡಲು ಮಾಡಿದ್ದನ್ನು ಕುಂದಾಪುರದ ಆ ಹಿರಿಯರು ಒಪ್ಪಿದರು. ಹಲಗೆಯೊಂದು ಮೂತಿಯ ಹತ್ತಿರ ಅಗಲ ಕಿರಿದಾಗುತ್ತ ಹೋಗುವುದನ್ನು ಬೆರಳಲ್ಲಿ ತೋರಿಸಿ, “ಇಲ್ಲಿ ಸರಿ ಬಂದಿತ್” ಅಂದರು. ಅಲ್ಲಿಯೇ ನಾನು ಏಳು ಸಲ ಕಿತ್ತು ಕೂರಿಸಿದ್ದು. ಒಡಲು ನಡುವಿನಲ್ಲಿ ಉಬ್ಬಿ ತುದಿಯಲ್ಲಿ ಸೊರಗುವುದರಿಂದ ಒಂದೇ ಅಗಲದ ಹಲಗೆ ಎಲ್ಲೂ ಕೂರುವುದಿಲ್ಲ. ಪ್ರತಿಯೊಂದನ್ನೂ ಅದರ ಜಾಗಕ್ಕೆ ಹೆರೆಯಬೇಕು, ಬಿಸಿನೀರಲ್ಲಿ ನೆನೆಸಿ ಬೆಸುಗೆ ಕಡ್ಡಿಯ ಕಾವಿನಲ್ಲಿ ಬಗ್ಗಿಸಬೇಕು.

ನೀರಿನ ಗೆರೆಯ ಕೆಳಗಿರುವ ತಾಮ್ರದ ಬಗ್ಗೆಯೂ ಜನ ಕೇಳುತ್ತಾರೆ, ಅಲಂಕಾರಕ್ಕಾ ಎಂದು. ಮರವನ್ನು ಕೊರೆದು ತಿನ್ನುವ ಹಡಗುಹುಳುವನ್ನೂ ತಳಕ್ಕೆ ಅಂಟಿ ಬೆಳೆಯುವ ಚಿಪ್ಪುಜೀವಿಗಳನ್ನೂ ದೂರವಿಡಲು ಆ ಕಾಲದಲ್ಲಿ ತಾಮ್ರದ ತಗಡು ಹೊಡೆಯುತ್ತಿದ್ದರು. 4 ಅಡಿ ಉದ್ದ, 14 ಅಂಗುಲ ಅಗಲದ ತಗಡು ಇಲ್ಲಿ 19 ಮಿ.ಮೀ., ಐದೂವರೆ ಮಿ.ಮೀ. ಆಗಿದೆ.

ಆದರೆ ನಾನು ಈ ಹವ್ಯಾಸಕ್ಕೆ ಬಿದ್ದದ್ದು ಹಗ್ಗಕ್ಕಾಗಿ. ಹಾಯಿಹಡಗಿನಲ್ಲಿ ಎರಡು ಬಗೆಯ ಹಗ್ಗಗಳಿವೆ. ಕೂವೆಗಳನ್ನು ಎತ್ತಿ ಹಿಡಿಯುವವು ಕದಲದ ಹಗ್ಗಗಳು, ಟಾರು ಬಳಿದದ್ದರಿಂದ ಕಪ್ಪು. ಹಾಯಿಯನ್ನೂ ಹಾಯಿ ಕಟ್ಟುವ ಅಡ್ಡಗಂಬಗಳನ್ನೂ ಎಳೆದಾಡಿಸುವವು ಓಡುವ ಹಗ್ಗಗಳು, ನಾರಿನ ಬಣ್ಣದವು. ನೋಡುವವರಿಗೆ ಜೇಡರ ಬಲೆ. ಒಂದನ್ನು ಹಿಡಿದು ಹೊರಡಿ: ಅಡ್ಡಗಂಬದ ತುದಿಯಿಂದ ಹೊರಟ ಹಗ್ಗ ರಾಟೆಯೊಂದರಲ್ಲಿ ತೂರಿ, ಹಿಂದಿನ ಕೂವೆಯ ಕಡೆಗೆ ಓಡಿ, ಅಲ್ಲಿ ಇನ್ನೊಂದು ರಾಟೆ ಸುತ್ತಿ, ಕೆಳಗಿಳಿದು ಡೆಕ್ಕಿನ ಅಂಚಿನ ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತಿಕೊಳ್ಳುತ್ತದೆ. ಇದು ಬ್ರೇಸ್, ಗಾಳಿಯ ದಿಕ್ಕಿಗೆ ಹಾಯಿಯನ್ನು ತಿರುಗಿಸುವುದು. ನನ್ನ ಹಡಗಿನಲ್ಲಿ ಚಿಮಟದಿಂದ ಅದನ್ನು ಗೂಟದಿಂದ ಬಿಡಿಸಿ ಎಳೆದರೆ ಅಡ್ಡಗಂಬ ತಿರುಗುತ್ತದೆ. ಹೆಸರು ಗೊತ್ತಿಲ್ಲದ ಒಂದು ಹಗ್ಗವನ್ನೂ ನಾನು ಕಟ್ಟಿಲ್ಲ. ಕತ್ತಲಲ್ಲಿ, ಮಳೆಯಲ್ಲಿ ಕೈತಡವಿ ಸರಿಯಾದ ಹಗ್ಗವನ್ನೇ ಹಿಡಿಯುತ್ತಿದ್ದ ನಾವಿಕರಿಗೆ ಇದು ಹೇಗೆ ಸಾಧ್ಯವಾಗುತ್ತಿತ್ತು ಎಂಬುದು ಮೂರನೇ ವರ್ಷದಲ್ಲಿ ನನ್ನ ಬೆರಳಿಗೆ ಗೊತ್ತಾಗತೊಡಗಿತು. ಯಾವುದು ಎಲ್ಲಿ ಇಳಿಯಬೇಕೋ ಅಲ್ಲಿಗೇ ಇಳಿಯುತ್ತದೆ, ಬೇರೆಡೆಗೆ ಒಯ್ದರೆ ಇನ್ನೊಂದಕ್ಕೆ ಉಜ್ಜುತ್ತದೆ. ಕೂವೆಯನ್ನು ಇಕ್ಕೆಲದಿಂದ ಬಿಗಿದು ಹಿಡಿಯುವ ಹಗ್ಗಗಳಾದ ಶ್ರೌಡ್‌ಗಳಿಗೆ ಏಣಿಯ ಮೆಟ್ಟಿಲಿನಂತೆ ಕಟ್ಟುವ ಅಡ್ಡದಾರಗಳ ಗಂಟು ಎಣಿಸಿದೆ, ಸಾವಿರದ ಐನೂರು ದಾಟಿತು. ಚಿಕ್ಕಪೇಟೆಯ ದಾರದಂಗಡಿಯವರು ಈಗ ನನ್ನ ಮುಖ ಕಂಡೊಡನೆ ಕಪ್ಪು ದಾರದ ಡಬ್ಬಿ ಇಳಿಸುತ್ತಾರೆ.

ಹಗ್ಗದಲ್ಲೇ ನಾನು ಮೊದಲ ದೊಡ್ಡ ತಪ್ಪು ಮಾಡಿದ್ದು. ಟ್ರಿಂಕೋಮಲಿಗಿಂತ ಮುಂಚೆ ಎರಡು ಕೂವೆಯ ಸಣ್ಣ ಬ್ರಿಗ್ ಒಂದನ್ನು ಕಟ್ಟಿದ್ದೆ, ಅದೇ ಅಳತೆಯಲ್ಲಿ. ಹಳೆಯ ಪಟ್ಟಿಗಳಲ್ಲಿ ‘8 ಅಂಗುಲದ ಹಗ್ಗ’ ಎಂದಿದ್ದರೆ ಅದು ಸುತ್ತಳತೆ. ನಾನು ಅಡ್ಡಳತೆ ಎಂದುಕೊಂಡೆ. ಒಂದು ಮಿಲಿಮೀಟರ್ ಇರಬೇಕಾದಲ್ಲಿ ಮೂರು ಮಿಲಿಮೀಟರ್ ದಪ್ಪದ ಹತ್ತಿದಾರ ಹಾಕಿದೆ, ಜೇನುಮೇಣ ಸವರಬೇಕೆಂಬುದೂ ಆಗ ಗೊತ್ತಿರಲಿಲ್ಲ. ಆ ಬ್ರಿಗ್ಗನ್ನು ಅಣ್ಣ ಇಷ್ಟಪಟ್ಟು ಮಂಗಳೂರಿಗೆ ಒಯ್ದ.

ಜುಲೈನಲ್ಲಿ ಅತ್ತಿಗೆಯ ಫೋನು ಬಂತು. “ಮುಂದಿನ ಕೋಲು ಬಗ್ಗಿದೆ, ನಾವು ಮುಟ್ಟಲಿಲ್ಲ.” ಹೋಗಿ ನೋಡಿದೆ. ಮೂತಿಯಿಂದ ಮುಂದೆ ಚಾಚಿದ ಜಿಬ್‌ಬೂಮ್ ಬಿಲ್ಲಿನಂತೆ ಮೇಲಕ್ಕೆ ಬಾಗಿತ್ತು. ಹೊಸೆದ ಹತ್ತಿ ಮಳೆಗಾಲದ ತೇವ ಕುಡಿದು ಉಬ್ಬಿ, ಉಬ್ಬಿದ ಹಗ್ಗ ಗಿಡ್ಡವಾಗಿ, ದಪ್ಪ ಹಗ್ಗಗಳೆಲ್ಲ ಸೇರಿ ಕೋಲನ್ನು ಎಳೆದಿದ್ದವು. ನೀರಿಗೆ ಬಿಡದ ಹಡಗನ್ನು ನೀರೇ ಗಾಳಿಯಲ್ಲಿ ಬಂದು ಮುಟ್ಟಿತ್ತು. ಸಮುದ್ರದಲ್ಲಿ ಇದು ದಿನನಿತ್ಯದ ಸಂಗತಿ, ಮಳೆಯಲ್ಲಿ ನೆನೆದು ಬಿಗಿದ ಹಗ್ಗಗಳನ್ನು ನಾವಿಕರು ಸಡಿಲಿಸುತ್ತಿದ್ದರು. ಅದಕ್ಕೆಂದೇ ಕದಲದ ಹಗ್ಗಗಳ ಬುಡದಲ್ಲಿ ಡೆಡ್‌ಐ ಎಂಬ ಮೂರು ತೂತಿನ ಮರದ ಬಿಲ್ಲೆಗಳ ಜೋಡಿ ಇರುತ್ತದೆ, ನಡುವೆ ಲ್ಯಾನ್ಯಾರ್ಡ್ ಎಂಬ ಸಣ್ಣ ಹಗ್ಗ ಹೋಗಿಬಂದು ಪೋಣಿಸಿಕೊಂಡಿರುತ್ತದೆ. ನಾನು ನಕ್ಷೆ ನೋಡಿ ಸುಮ್ಮನೆ ಹಾಗೆಯೇ ಪೋಣಿಸಿದ್ದೆ. ಗಂಟಿಗೆ ಹಚ್ಚಿದ್ದ ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ ಮೆತ್ತಗೆ ಮಾಡಿ, ಚಿಮಟದಲ್ಲಿ ಲ್ಯಾನ್ಯಾರ್ಡುಗಳನ್ನು ಒಂದೊಂದಾಗಿ ಸಡಿಲಿಸಿದೆ. ಕೋಲು ನೆಟ್ಟಗಾಗಲು ಎರಡು ದಿನ ಹಿಡಿಯಿತು. ಮತ್ತೆ ಅಂಟು ಹಾಕಲಿಲ್ಲ.

ಡಿಸೆಂಬರಿನಲ್ಲಿ ಅತ್ತಿಗೆ ಮತ್ತೆ ಫೋನ್ ಮಾಡಿದರು. “ಈಗ ಹಗ್ಗ ಎಲ್ಲ ಸಡಿಲ ಆಗಿದೆ ಮಾರಾಯ್ರೆ, ಬಿಗಿ ಮಾಡ್ಲಿಕ್ಕೆ ಹೇಳಿಕೊಡಿ.” ವಿಡಿಯೋ ಕಾಲಿನಲ್ಲಿ ತೋರಿಸಿಕೊಟ್ಟೆ. ಆರು ವರ್ಷದಿಂದ ಜೂನ್ ಮೊದಲ ವಾರ ಅವರು ಲ್ಯಾನ್ಯಾರ್ಡ್ ಸಡಿಲಿಸುತ್ತಾರೆ, ಡಿಸೆಂಬರಿನಲ್ಲಿ ಬಿಗಿಯುತ್ತಾರೆ, ಎಡಬದಿ ಮೊದಲು, ಆಮೇಲೆ ಬಲಬದಿ.