ಜಂಬಿಟ್ಟಿಗೆ ಗೋಡೆಯ ಇಂಗಾಲದ ಲೆಕ್ಕ: ಕಳ್ಳ ಸಿಕ್ಕಿದ್ದು ಗಿಲಾವಿನಲ್ಲಿ

ಮೂರು ವಾರ ನಿದ್ದೆಗೆಡಿಸಿದ ಲೆಕ್ಕ ನಿನ್ನೆ ರಾತ್ರಿ ಕೂಡಿತು. ತೀರ್ಥಹಳ್ಳಿಯ ತೋಟದಲ್ಲಿ ಕಟ್ಟಲಿರುವ ಅಡಿಕೆ ಉಗ್ರಾಣದ ಗೋಡೆ, ಆಯುಷ್ಯ 60 ವರ್ಷ; ಅದನ್ನು ಕಟ್ಟಿ ಅಷ್ಟು ಕಾಲ ಬಾಳಿಸಲು ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂಬುದೇ ಈ ಲೆಕ್ಕ, ಎಲ್ಲವೂ ಒಂದು ಚದರ ಮೀಟರಿಗೆ. ಈ ಲೆಕ್ಕದ ಪಟ್ಟಿಯಲ್ಲಿ ಎ1ರಿಂದ ಎ3ರವರೆಗಿನವು ಸಾಮಗ್ರಿ ತಯಾರಾಗುವವರೆಗಿನ ಹಂತಗಳು. ಜಂಬಿಟ್ಟಿಗೆಯನ್ನು, ಅಂದರೆ ಕೆಂಪು ಮುರಕಲ್ಲನ್ನು, ಸುಡುವುದಿಲ್ಲ, ಕೊಯ್ದು ಗಾಳಿಗೆ ಬಿಟ್ಟರೆ ತಾನೇ ಗಟ್ಟಿಯಾಗುತ್ತದೆ. ಹೀಗಾಗಿ ಹೊರೆಯೆಲ್ಲ ಸಾಗಣೆಯದ್ದೇ ಎಂದು ನಂಬಿಬಿಟ್ಟಿದ್ದೆ.

ಅದಕ್ಕಾಗಿ ಕಲ್ಲು ಕೊಡುವವರ ಬೆನ್ನು ಹತ್ತಿದೆ. ಅವರಿಗೆ 'ಲೋಡು' ಬಿಟ್ಟರೆ ಬೇರೆ ಅಳತೆಯೇ ಇಲ್ಲ. ಎಷ್ಟು ಕಲ್ಲು ಎಂದರೂ ಒಂದು ಲೋಡು, ಎಷ್ಟು ತೂಕ ಎಂದರೂ ಒಂದು ಲೋಡು! ಕೊನೆಗೆ ಇಳಿಸುವಾಗ ನಾನೇ ನಿಂತು ಎಣಿಸಿದೆ: 300. ಹೊಸನಗರದ ಕಡೆಯಿಂದ ಹೋಗಿಬರಲು 70 ಕಿ.ಮೀ., ಲೀಟರಿಗೆ 4 ಕಿ.ಮೀ., ಲೀಟರ್ ಡೀಸೆಲ್‌ಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಒಂದು ಲೋಡಿಗೆ 23 ಚದರ ಮೀಟರ್ ಗೋಡೆ ಏಳುತ್ತದೆ. ಚದರ ಮೀಟರಿಗೆ ಬಂದದ್ದು ಬರೀ 2 ಕಿಲೋ.

ಹಾಗಾದರೆ ದೊಡ್ಡ ಹೊರೆ ಎಲ್ಲಿಂದ? ಸಂದಿಗಳ ಗಾರೆಗೆ ಸುಮಾರು 6 ಕಿಲೋ ಸಿಮೆಂಟು; ಒಳಗೂ ಹೊರಗೂ 12 ಮಿ.ಮೀ. ಗಿಲಾವಿಗೆ ಇನ್ನೊಂದು 6. ಸಾದಾ ಸಿಮೆಂಟಿನ ಪ್ರತಿ ಕಿಲೋಗೆ ಸುಮಾರು 0.9 ಕಿಲೋ ಇಂಗಾಲದ ಡೈಆಕ್ಸೈಡ್. ಅದರಲ್ಲಿ ಗೂಡಿನ ಬೆಂಕಿಯ ಹೊಗೆಗಿಂತ ಸುಣ್ಣದ ಕಲ್ಲಿನೊಳಗಿನಿಂದಲೇ ಹೊರಬರುವ ಪಾಲು ದೊಡ್ಡದು. ಅಷ್ಟಕ್ಕೇ ಮುಗಿಯಲಿಲ್ಲ. ಬಿ4ರ ಸಾಲನ್ನು, ಅಂದರೆ ಹಾಳಾದದ್ದನ್ನು ಬದಲಿಸುವ ಹಂತವನ್ನು, ನಾನು ಖಾಲಿ ಬಿಟ್ಟಿದ್ದೆ. ಆಗುಂಬೆಯ ಮಗ್ಗುಲಿನ ಈ ಮಳೆಗೆ ಪಡುವಣ ಗೋಡೆಯ ಹೊರಗಿನ ಗಿಲಾವು 20 ವರ್ಷ ಬಾಳಿದರೆ ಪುಣ್ಯ. ಎರಡು ಸಲ ಹೊಸದಾಗಿ ಬಳಿದರೆ ಮತ್ತೆ 6 ಕಿಲೋ ಸಿಮೆಂಟು. ಗಿಲಾವೊಂದರದ್ದೇ ಸುಮಾರು 11 ಕಿಲೋ ಹೊರೆ, ಲಾರಿಯ ಐದು ಪಟ್ಟಿಗೂ ಮಿಗಿಲು!

ಅಜ್ಜನ ಮನೆಯಲ್ಲಿ ಮಳೆಗಾಲಕ್ಕೆ ಮೊದಲು ಪಡುವಣಕ್ಕೆ ಅಡಿಕೆ ಸೋಗೆಯ ಜಡಿತಟ್ಟಿ ಕಟ್ಟುತ್ತಿದ್ದರು, ಎರಚಲು ಗೋಡೆಯನ್ನು ಮುಟ್ಟುತ್ತಲೇ ಇರಲಿಲ್ಲ. ನಾನೂ ಅದನ್ನೇ ಮಾಡುತ್ತೇನೆ: ಹೊರಗೆ ಗಿಲಾವು ಬೇಡ, ಕಲ್ಲು ಬರಿದಾಗಿಯೇ ಇರಲಿ, ಸೂರನ್ನು ಮೂರು ಅಡಿ ಮುಂದೆ ಚಾಚುತ್ತೇನೆ.

ಸೂರು ಚಾಚಿದರೆ ಹಂಚು ಹೆಚ್ಚು ಬೇಕು, ಹಂಚೆಂದರೆ ಗೂಡಿನ ಬೆಂಕಿ. ಪಕ್ಕದ ಊರಿನಲ್ಲಿ ಹಳೆಯ ಮನೆಯೊಂದನ್ನು ಬಿಚ್ಚುತ್ತಿದ್ದಾರೆ, 600 ಮಂಗಳೂರು ಹಂಚು ಗಟ್ಟಿಯಾಗಿವೆ. ಅವನ್ನು ಸುಟ್ಟಾಗಿನ ಹೊರೆಯನ್ನು ಆ ಮನೆಯೇ ಹೊತ್ತು ತೀರಿಸಿತೋ, ನನ್ನ ಸೂರಿಗೂ ಪಾಲು ಹಾಕಬೇಕೋ? ಮುಂದಿನ ಜಗಳ ಅದರ ಜೊತೆಗೆ. ಸದ್ಯ ಮೊದಲ ಮಳೆ ಬೀಳುವ ಮುನ್ನ ಹಂಚನ್ನು ತಂದು ಕೊಟ್ಟಿಗೆಯಲ್ಲಿ ಒಟ್ಟಬೇಕು.