ಅಮ್ಮನ ಜೊತೆ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ಸಲ ಎಲ್ಲೂ ನಿಲ್ಲದ ವಿಮಾನ ಹಾರಿಸಿತು. ಪೈಲಟ್‌ಗಳೆಲ್ಲ ಮಹಿಳೆಯರು, ದಾರಿ ಉತ್ತರ ಧ್ರುವದ ಮೇಲೆ, ಸಮಯ ಹೆಚ್ಚುಕಡಿಮೆ 17 ಗಂಟೆ. ಎಪ್ಪತ್ತು ದಾಟಿದ ಅಮ್ಮನನ್ನು ಅಷ್ಟು ಹೊತ್ತು ಒಂದೇ ಸೀಟಿನಲ್ಲಿ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಫ್ರಾಂಕ್‌ಫರ್ಟ್ ಮೇಲೆ ಹೋದೆವು.

ದುಬೈ ದಾರಿ ಹತ್ತಿರ, ಒಟ್ಟು 15,700 ಕಿಲೋಮೀಟರ್ ಆಸುಪಾಸು. ಆದರೆ ಮೊದಲು 4 ಗಂಟೆ, ಆಮೇಲೆ ಒಂದೇ ಸಮನೆ 16 ಗಂಟೆ. ಆ 4 ಗಂಟೆಯ ನಂತರದ ವಿರಾಮದಿಂದ ಲಾಭವೇನು? ಸಿಂಗಾಪುರದ ಮೇಲೆ ಹೋದರೂ ಇದೇ ಕಥೆ. ಫ್ರಾಂಕ್‌ಫರ್ಟ್‌ಗೆ 10 ಗಂಟೆ, ಅಲ್ಲಿಂದ ಹನ್ನೊಂದೂವರೆ. ದುಬೈ ದಾರಿಗಿಂತ ಸುಮಾರು 800 ಕಿಲೋಮೀಟರ್ ಜಾಸ್ತಿಯಾದರೂ ಪ್ರಯಾಣ ಹೆಚ್ಚುಕಡಿಮೆ ಅರ್ಧಕ್ಕೆ ಮುರಿಯುತ್ತದೆ. ವಯಸ್ಸಾದವರಿದ್ದರೆ ನನ್ನ ಓಟು ಇದಕ್ಕೇ.

ಎರಡು ವಿಮಾನಗಳ ನಡುವೆ ಮೂರೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ಒಂದೂವರೆ ಗಂಟೆಯ ಟಿಕೆಟ್ ಅಗ್ಗ ಅಂತ ಹಿಗ್ಗಬೇಡಿ. ಫ್ರಾಂಕ್‌ಫರ್ಟ್‌ನಲ್ಲಿ ನಡೆಯೋದು ಬಹಳ, ಸೆಕ್ಯೂರಿಟಿ ತಪಾಸಣೆಯೂ ಮತ್ತೆ ಆಗುತ್ತದೆ. ನೀರಿನ ಬಾಟಲಿ ಖಾಲಿ ಮಾಡಿಟ್ಟುಕೊಳ್ಳಿ. ವೀಲ್‌ಚೇರ್ ಉಚಿತ, ಟಿಕೆಟ್ ಮಾಡಿಸುವಾಗಲೇ ಕೇಳಿ. ಅದು ಬಂದ ಮೇಲೆ ಕೆಲಸ ಸಲೀಸು. ಬರೋವರೆಗೆ ಸುಮ್ನೆ ಕಾಯಬೇಕು, ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ಸಸ್ಯಾಹಾರದ ಊಟವನ್ನೂ ಮೊದಲೇ ಹೇಳಿಡಿ.

ಇನ್ನು ಗಡಿಯಾರದ ವಿಷಯ. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಹನ್ನೆರಡೂವರೆ. ಚಳಿಗಾಲದ ಶನಿವಾರ ಬೆಳಗಿನ ಜಾವ 3ಕ್ಕೆ ಹೊರಟು, 25 ಗಂಟೆ ಪ್ರಯಾಣ ಮಾಡಿ ಇಳಿದರೂ ಅಲ್ಲಿ ಇನ್ನೂ ಶನಿವಾರ ಮಧ್ಯಾಹ್ನ ಎರಡೂವರೆ! ಅಮ್ಮನಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು. ಶನಿವಾರದ ಟಿಕೆಟ್ ಅಂದರೆ ಶುಕ್ರವಾರ ರಾತ್ರಿಯೇ ಬೆಂಗಳೂರು ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲಿರಬೇಕು, ನೆನಪಿರಲಿ. ಜಯನಗರದ ಕಡೆಯಿಂದ ಬರುವವರು ಟ್ರಾಫಿಕ್‌ಗೆ ಅಂತ ಎರಡು ಗಂಟೆ ತೆಗೆದಿಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲೂ ಉದ್ದ ಇರುತ್ತದೆ. ಮನೆಯಿಂದ ಮನೆಗೆ 30 ಗಂಟೆ ದಾಟುತ್ತದೆ ಅಂತಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಕರಿಬೇವು, ಹಣ್ಣು ಒಯ್ಯಬೇಡಿ, ಬಿಡುವುದಿಲ್ಲ. ಚಟ್ನಿಪುಡಿ, ಸಾರಿನಪುಡಿ ಇದ್ದರೆ ಕೇಳಿದಾಗ ಇದೆ ಅಂತ ಹೇಳಿಬಿಡಿ. ಮಕ್ಕಳ ಮನೆ ಸನ್ನಿವೇಲ್ ಕಡೆಯಿದ್ದು, ಕರೆದೊಯ್ಯಲು ಯಾರಿಗೂ ಬಿಡುವಿಲ್ಲದಿದ್ದರೆ, ವಿಮಾನ ನಿಲ್ದಾಣಕ್ಕೆ ಹತ್ತಿರದ ಮಿಲ್‌ಬ್ರೇ ರೈಲು ನಿಲ್ದಾಣದಿಂದ ಕ್ಯಾಲ್‌ಟ್ರೇನ್ ಅನ್ನೋ ಲೋಕಲ್ ರೈಲು ಇದೆ. ದೊಡ್ಡ ಸೂಟ್‌ಕೇಸ್‌ಗಳಿದ್ದರೆ ಮಾತ್ರ ಟ್ಯಾಕ್ಸಿಯೇ ಸರಿ.

ವಾಪಸ್ ಬರುವಾಗ ಗಾಳಿ ಬೆನ್ನಿಗಿರುವುದರಿಂದ ಹಾರಾಟ ಸ್ವಲ್ಪ ಬೇಗ ಮುಗಿಯುತ್ತದೆ. ಗಡಿಯಾರ ಮಾತ್ರ ಈಗ ಉಲ್ಟಾ: ಶನಿವಾರ ಮಧ್ಯಾಹ್ನ ಹೊರಟವರು ಬೆಂಗಳೂರಲ್ಲಿ ಇಳಿಯೋದು ಸೋಮವಾರ ಬೆಳಗಿನ ಜಾವ. ಕರೆದೊಯ್ಯಲು ಬರುವವರಿಗೆ ಸೋಮವಾರ ಅಂತ ಹೇಳಿದರೆ ಅವರು ಬೆಳಗ್ಗೆ ಕಾಫಿ ಕುಡಿದು ಹೊರಡುತ್ತಾರೆ. ಭಾನುವಾರ ರಾತ್ರಿ ಅಲಾರಂ ಇಟ್ಟು ಮಲಗಿ ಅಂತ ಹೇಳಿ.